ಮೀನಿನ ವಾಸನೆ ತಿಳಿಯದ ಹುಡುಗ, ಆಸ್ಪತ್ರೆ ಚೀಟಿಯ ಒಂದು ಸಾಲು

ಚಳ್ಳಕೆರೆ ನಮ್ಮ ಮನೆಗಳಿಗೆ ಗೊತ್ತಿಲ್ಲದ ಊರಲ್ಲ. ಮಂಗಳೂರು, ಮಲ್ಪೆಯ ದಕ್ಕೆಯಿಂದ ಐಸ್ ಹಾಕಿದ ಮೀನು ತುಂಬಿಸಿಕೊಂಡು ಬಳ್ಳಾರಿ ಕಡೆಗೆ ಹೊರಟ ಲಾರಿ ಚಿತ್ರದುರ್ಗ ದಾಟಿದರೆ ಚಳ್ಳಕೆರೆ, ಆಮೇಲೆ ಮೊಳಕಾಲ್ಮೂರು ತಾಲೂಕಿನ ರಾಂಪುರ, ಆಮೇಲೆ ಬಳ್ಳಾರಿ. 150ಎ ರಾಷ್ಟ್ರೀಯ ಹೆದ್ದಾರಿ. ನಮ್ಮ ಮೊಹಲ್ಲಾಗಳಲ್ಲಿ ಆ ದಾರಿಯ ಚಹಾದಂಗಡಿಗಳ ಲೆಕ್ಕ ಬಾಯಿಪಾಠ ಇರುವ ಡ್ರೈವರುಗಳಿದ್ದಾರೆ. ಹಗಲು ಹೊತ್ತು ಆ ಊರುಗಳನ್ನು ಸರಿಯಾಗಿ ನೋಡಿದವರು ಮಾತ್ರ ಕಡಿಮೆ. ರಾತ್ರಿ ಹೋಗುವುದು, ಬೆಳಗಾಗುವ ಮೊದಲು ಮೀನು ಮುಟ್ಟಿಸುವುದು, ತಿರುಗಿ ಬರುವುದು.

ಆ ದಾರಿಯಲ್ಲೇ, ಎರಡು ವರ್ಷದ ಹಿಂದೆ, ನಮ್ಮ ನೆರೆಯ ಹುಡುಗನೊಬ್ಬನಿಗೆ ಏಟಾಯಿತು. ವಯಸ್ಸು 24. ಮೀನಿನ ಲಾರಿಯಲ್ಲಿ ಹೋಗುತ್ತಿದ್ದ, ಊರಿನಲ್ಲಿರುವ ದಿನ ಬಾಪನ ಜೊತೆ ಮಾರ್ಕೆಟ್ಟಿನಲ್ಲಿ ಕೂರುತ್ತಿದ್ದ. ಚಳ್ಳಕೆರೆ ಬಿಟ್ಟು ರಾಂಪುರಕ್ಕೆ ಮುಟ್ಟುವ ಮೊದಲು ಚಹಾಕ್ಕೆ ಲಾರಿ ನಿಲ್ಲಿಸಿದ್ದಾರೆ. ರಸ್ತೆ ದಾಟುವಾಗ ಒಂದು ಕಾರು ಬಡಿದಿದೆ. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ದಾರಿಯ ಒಂದು ಆಸ್ಪತ್ರೆಗೆ ಮುಟ್ಟಿಸಿದರು. ಕಾರಿನವನು ಓಡಿಹೋಗಲಿಲ್ಲ. 5,000 ರೂಪಾಯಿ ಕೈಗಿಟ್ಟು, ಮೊಬೈಲ್ ನಂಬರ್ ಕೊಟ್ಟು, ‘ಏನಿದ್ದರೂ ನೋಡಿಕೊಳ್ಳುವಾ, ಪೊಲೀಸು ಗಿಲೀಸು ಬೇಡ’ ಅಂದ. ಲಾರಿಯಲ್ಲಿ ಮೀನು ಕರಗುತ್ತಾ ಉಂಟು. ನಮ್ಮವರೂ ಸರಿ ಅಂದರು.

ಆಟೋದವನು ಆಸ್ಪತ್ರೆಯಲ್ಲಿ ಏನು ಹೇಳಿದನೋ, ಅಲ್ಲಿದ್ದವರು ಏನು ಕೇಳಿಸಿಕೊಂಡರೋ ಅಲ್ಲಾಹನೇ ಬಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ‘ರಸ್ತೆಯಲ್ಲಿ ಬಿದ್ದು ತಲೆಗೆ ಪೆಟ್ಟು’ ಎಂದು ಅದರ ಅರ್ಥ. ಕಾರಿನ ಸುದ್ದಿಯೇ ಇಲ್ಲ. ಅಲ್ಲಿಂದ ಇನ್ನೊಂದು ದೊಡ್ಡ ಆಸ್ಪತ್ರೆ, ಸ್ಕ್ಯಾನ್, ಮಿದುಳಿನ ಮುಂಭಾಗದಲ್ಲಿ ಸ್ವಲ್ಪ ರಕ್ತಸ್ರಾವ. ಆಪರೇಷನ್ ಬೇಕಾಗಲಿಲ್ಲ. ಒಂಬತ್ತು ದಿನದಲ್ಲಿ ನಡೆದುಕೊಂಡೇ ಮನೆಗೆ ಬಂದ. ಮನೆಯಲ್ಲಿ ಎಲ್ಲರೂ ಶುಕ್ರ್ ಹೇಳಿದರು. ಪೊಲೀಸ್ ದೂರು ಆದದ್ದು ಹನ್ನೊಂದನೇ ದಿನ, ಅದೂ ಕಾರಿನವನು ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ.

ಮೂರು ತಿಂಗಳು ಕಳೆದ ಮೇಲೆ ಅವನ ಉಮ್ಮ ಒಂದು ದಿನ ನಮ್ಮಲ್ಲಿಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದ ಮಾತು ಇದು: ‘ಅವನು ಅವನ ಹಾಗೆ ಇಲ್ಲ.’ ಕೈಕಾಲು ಸರಿ ಉಂಟು, ಮಾತು ಸರಿ ಉಂಟು. ಆದರೆ 500ರ ನೋಟು ಕೊಟ್ಟವರಿಗೆ ಚಿಲ್ಲರೆ ತಪ್ಪುತ್ತಾನೆ. ಹೇಳಿದ್ದನ್ನೇ ಹೇಳುತ್ತಾನೆ. ಒಮ್ಮೆಯೂ ಎದುರು ಮಾತನಾಡದವನು ತಂಗಿಯ ಮೇಲೆ ತಟ್ಟೆ ಬಿಸಾಡಿದ. ಅದಕ್ಕಿಂತ ದೊಡ್ಡದು ಬೇರೆ ಇತ್ತು. ಅವನ ಬಾಪ ಅದನ್ನು ಮಾರ್ಕೆಟ್ಟಿನಲ್ಲಿ ಕಂಡುಹಿಡಿದರು. ಹುಡುಗ ಹಾಳಾದ ಬಂಗುಡೆಯನ್ನು ಗಿರಾಕಿಗೆ ತೂಗಿ ಕೊಟ್ಟಿದ್ದ. ಬೈದದ್ದಕ್ಕೆ ಹೇಳಿದನಂತೆ, ‘ಬಾಪಾ, ನನಗೆ ವಾಸನೆಯೇ ಬರುವುದಿಲ್ಲ.’

ತಲೆ ಹಿಂದಕ್ಕೆ ಜೋರಾಗಿ ಬಡಿದಾಗ, ಮೂಗಿನ ಮೇಲ್ಭಾಗದ ತೆಳ್ಳಗಿನ ಎಲುಬಿನ ತೂತುಗಳಲ್ಲಿ ಹಾದುಹೋಗುವ ವಾಸನೆಯ ನರದ ಎಳೆಗಳು ಹರಿಯಬಹುದು. ತಲೆ ಏಟಿನಲ್ಲಿ ಇದು ಅಪರೂಪವೇನಲ್ಲ. ಆದರೆ ಜೀವ ಉಳಿಸುವ ಅವಸರದಲ್ಲಿ ‘ವಾಸನೆ ಬರುತ್ತದಾ’ ಎಂದು ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ, ಯಾರೂ ಬರೆಯಲಿಲ್ಲ. ಆಫೀಸಿನಲ್ಲಿ ಕೂತು ಟೈಪು ಮಾಡುವವನಿಗೆ ವಾಸನೆ ಹೋದರೆ ಊಟದ ರುಚಿ ಹೋದೀತು. ಮೀನು ಮಾರುವವನಿಗೆ ವ್ಯಾಪಾರವೇ ಹೋಯಿತು.

ಇಷ್ಟು ವಿವರವಾಗಿ ಹೇಳಲು ಕಾರಣ ಉಂಟು. ಕೈ ಮುರಿದರೆ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ. ಕಾಲು ಹೋದರೆ ಜಡ್ಜರು ಕಣ್ಣಿಂದಲೇ ನೋಡುತ್ತಾರೆ. ಮಿದುಳಿಗೆ ಬಿದ್ದ ಏಟು ಹಾಗಲ್ಲ. ಕೋರ್ಟಿನ ಮೆಟ್ಟಿಲು ಹತ್ತಿ ಬಂದ ಹುಡುಗ ಹೆಸರು ಕೇಳಿದರೆ ಹೆಸರು ಹೇಳುತ್ತಾನೆ, ಊರು ಕೇಳಿದರೆ ಊರು ಹೇಳುತ್ತಾನೆ. ವಿಮೆ ಕಂಪೆನಿಯ ವಕೀಲರಿಗೆ ಅಷ್ಟೇ ಬೇಕು. ಅವನು ಕಳಕೊಂಡದ್ದು ಕಾಗದದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಆ ಕಾಗದ ಎರಡು ಕಡೆ ತಪ್ಪುತ್ತದೆ. ಒಮ್ಮೆ ಮೊದಲ ರಾತ್ರಿಯ ಚೀಟಿಯಲ್ಲಿ, ಇನ್ನೊಮ್ಮೆ ಮನೆಗೆ ಬಂದ ಮೇಲಿನ ತಿಂಗಳುಗಳಲ್ಲಿ. ಎರಡನೆಯದಕ್ಕೆ ಆಸ್ಪತ್ರೆಯನ್ನು ದೂರಿ ಫಲವಿಲ್ಲ, ಅದು ನಮ್ಮದೇ ತಪ್ಪು.

ಮೊದಲ ರಾತ್ರಿಯದು ನೋಡುವಾ. ತಲೆ ಏಟಿನವರನ್ನು ತಂದ ಕೂಡಲೇ ಡಾಕ್ಟರು ಕಣ್ಣು ತೆರೆಯುತ್ತಾನಾ, ಮಾತಾಡುತ್ತಾನಾ, ಕೈಕಾಲು ಆಡಿಸುತ್ತಾನಾ ಎಂದು ನೋಡಿ ಅಂಕ ಕೊಡುತ್ತಾರೆ. ಗ್ಲಾಸ್ಗೋ ಊರಿನ ಇಬ್ಬರು ವೈದ್ಯರು 1974ರಲ್ಲಿ ಕೊಟ್ಟ ಅಳತೆ, ಅದಕ್ಕೇ ಗ್ಲಾಸ್ಗೋ ಸ್ಕೇಲ್ ಎಂದು ಹೆಸರು. 3ರಿಂದ 15ರವರೆಗೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ, 13ರಿಂದ ಮೇಲೆ ‘ಮೈಲ್ಡ್’. ಈ ಮೈಲ್ಡ್ ಎಂಬ ಶಬ್ದ ಎಷ್ಟು ಮನೆಗಳಿಗೆ ಮೋಸ ಮಾಡಿದೆಯೋ! ಆ ಹೊತ್ತಿಗೆ ಎಚ್ಚರ ಎಷ್ಟಿತ್ತು ಎಂಬುದರ ಲೆಕ್ಕ ಅದು, ಮುಂದಿನ ಬಾಳು ಹೇಗಿರುತ್ತದೆ ಎಂಬುದರ ಲೆಕ್ಕವಲ್ಲ. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದೆ ಮಿದುಳಿನೊಳಗಿನ ಎಳೆಗಳಿಗೆ ಏಟಾಗಿರುವುದೂ ಉಂಟು. ವಯಸ್ಸಾದವರಲ್ಲಿ ವಾರಗಟ್ಟಲೆ ಕಳೆದ ಮೇಲೆ ರಕ್ತ ಸೇರಿಕೊಂಡು ಒತ್ತುವುದೂ ಉಂಟು. ಆ ಅಂಕ, ಪ್ರಜ್ಞೆ ತಪ್ಪಿತ್ತೇ, ವಾಂತಿ ಆಯಿತೇ, ಫಿಟ್ಸ್ ಬಂತೇ, ಏಟಾದದ್ದು ಹೇಗೆ, ಇಷ್ಟೂ ಚೀಟಿಯಲ್ಲಿ ಇರಬೇಕು. ನಮ್ಮ ಹುಡುಗನ ಮೊದಲ ಚೀಟಿಯಲ್ಲಿ ಅಂಕವೇ ಇರಲಿಲ್ಲ.

ಇಲ್ಲಿ ಸಣ್ಣ ಮಾತೊಂದು. ಇದೇ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದ್ದು. ಅವನ್ನು ಬರೆದ ಲಿಪಿಕಾರ ಚಪಡ ಎಂದು ಕೊನೆಯಲ್ಲಿ ತನ್ನ ಹೆಸರನ್ನೂ ಬರೆದಿದ್ದಾನೆ. ಎರಡು ಸಾವಿರಕ್ಕೂ ಹೆಚ್ಚು ವರ್ಷವಾದರೂ ಬರೆದವನು ಯಾರೆಂದು ಗೊತ್ತು. ನಮ್ಮ ಹುಡುಗನ ಚೀಟಿಗೆ ಸಹಿ ಹಾಕಿದ ಡಾಕ್ಟರು ಯಾರೆಂದು ಎರಡೇ ವರ್ಷಕ್ಕೆ ಓದಲಾಗುವುದಿಲ್ಲ! ತಮಾಷೆಯಲ್ಲ ಮಾರಾಯ್ರೇ, ನಾಳೆ ಸಾಕ್ಷಿಗೆ ಕರೆಯಬೇಕಾದದ್ದು ಅವರನ್ನೇ. ಚೀಟಿ ಕೈಗೆ ಬಂದ ಕೂಡಲೇ ಡಾಕ್ಟರ ಹೆಸರು, ಎಂಎಲ್‌ಸಿ ನಂಬರ್ ಕೇಳಿ ಹಿಂಬದಿಯಲ್ಲಿ ಬರೆದುಕೊಳ್ಳಿ.

ತಪ್ಪು ಬರೆದಿದ್ದರೆ? ತಿದ್ದಲು ಹೋಗಬೇಡಿ, ಯಾರಲ್ಲೂ ತಿದ್ದಿಸಬೇಡಿ. ತಿದ್ದಿದ ಕಾಗದ ತಪ್ಪು ಕಾಗದಕ್ಕಿಂತ ಕೇಡು. ಅದೇ ದಿನ ಅಥವಾ ಮರುದಿನ ಆಸ್ಪತ್ರೆಗೆ ಬರವಣಿಗೆಯಲ್ಲಿ ಕೊಡಿ, ಇಂಥ ವಾಹನ ಬಡಿದದ್ದು ಎಂದು ತಿಳಿಸಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಎರಡನೇ ಆಸ್ಪತ್ರೆಯಲ್ಲಿ ಏಟಾದದ್ದು ಹೇಗೆ ಎಂದು ಹೇಳುವುದು ಮನೆಯವರೇ ಆಗಿರಲಿ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ್ ಕೇಸಿನಲ್ಲಿ ಹೇಳಿದೆ. ಮನೆಯವರು ಮೊದಲು ಗಾಯಾಳುವಿನ ಜೀವ ನೋಡುತ್ತಾರೆ, ಠಾಣೆಗೆ ಓಡುವುದಿಲ್ಲ ಎಂಬುದು ಕೋರ್ಟಿಗೂ ಗೊತ್ತು. ಆದರೆ ತಡವಾದದ್ದಕ್ಕೆ ಕಾರಣ ಬೇಕು. ‘ಕಾರಿನವನ ಜೊತೆ ರಾಜಿ ಮಾತಾಡುತ್ತಾ ಇದ್ದೆವು’ ಎಂಬುದು ಒಳ್ಳೆಯ ಕಾರಣವಲ್ಲ.

ಈ ರಾಜಿಯ ಬಗ್ಗೆ ನಮಗೆ ಸಿಟ್ಟುಂಟು. ಮಾರ್ಗದ ಬದಿಯಲ್ಲಿ 5,000, 10,000ಕ್ಕೆ ಮುಗಿಸುವುದನ್ನು ನಮ್ಮಲ್ಲಿ ದೊಡ್ಡ ಮನಸ್ಸು ಅನ್ನುತ್ತಾರೆ. ಕಾರಿನ ಬಂಪರ್ ಜಜ್ಜಿದ್ದಕ್ಕೆ ಹಾಗೆ ಮಾಡಿ, ಬೇಡ ಅನ್ನುವವರು ಯಾರು? ತಲೆಗೆ ಏಟು ಬಿದ್ದವನ ಪರವಾಗಿ, ಅವನಿಗೆ ಎಚ್ಚರವಿಲ್ಲದಾಗ, ಅವನ ಮುಂದಿನ ನಲವತ್ತು ವರ್ಷವನ್ನು ರಾಜಿ ಮಾಡುವ ಹಕ್ಕು ನಮಗೆ ಯಾರು ಕೊಟ್ಟರು?

ಎಷ್ಟು ದುಡ್ಡಿನ ಮಾತು ಎಂದು ಕೇಳಿದರೆ ಲೆಕ್ಕ ಹೀಗೆ. 24 ವರ್ಷದವನ ಸಂಪಾದನೆ ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏರಿಕೆ ಎಂದು ನೂರಕ್ಕೆ 40 ಸೇರಿಸುತ್ತಾರೆ, 21,000 ಆಯಿತು. ವರ್ಷಕ್ಕೆ 2,52,000. ಆ ವಯಸ್ಸಿಗೆ 18ರಿಂದ ಗುಣಿಸುತ್ತಾರೆ, 45,36,000. ದುಡಿಯುವ ಶಕ್ತಿ ನೂರಕ್ಕೆ 20 ಹೋಗಿದೆ ಎಂದರೆ ಸಿಗುವುದು 9,07,200. ಪೂರ್ತಿ ಹೋಗಿದೆ ಎಂದು ತೋರಿಸಿದರೆ 45 ಲಕ್ಷದ ಮೇಲೆ. ಆಸ್ಪತ್ರೆ ಖರ್ಚು, ನೋವು, ನೋಡಿಕೊಳ್ಳುವವರ ಖರ್ಚು ಬೇರೆ. ಒಬ್ಬನೇ ಹುಡುಗ, ಒಂದೇ ಏಟು, ವ್ಯತ್ಯಾಸ 36 ಲಕ್ಷ. ಆ ವ್ಯತ್ಯಾಸ ಕಾಗದದ್ದು.

ವೈದ್ಯರು ಬರೆಯುವ ನೂರಕ್ಕಿಷ್ಟು ಬೇರೆ, ಅದರಿಂದ ದುಡಿಮೆಗೆ ಆಗುವ ನಷ್ಟ ಬೇರೆ. 2010ರ ಅಕ್ಟೋಬರಿನಲ್ಲಿ ತೀರ್ಪಾದ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಗಾಯಾಳು ಮೊದಲು ಯಾವ ಕೆಲಸ ಮಾಡುತ್ತಿದ್ದ, ಈಗ ಯಾವುದನ್ನು ಮಾಡಬಲ್ಲ, ಯಾವುದನ್ನು ಆಗುವುದಿಲ್ಲ ಎಂದು ನೋಡಿ ನಷ್ಟ ಕಟ್ಟಬೇಕು. ಅಂದರೆ ನಮ್ಮ ಹುಡುಗನ ಮೂಗು ಎಷ್ಟು ಪರ್ಸೆಂಟ್ ಎಂಬುದಲ್ಲ, ಮೂಗಿಲ್ಲದ, ಚಿಲ್ಲರೆ ಲೆಕ್ಕ ತಪ್ಪುವ ಮೀನು ವ್ಯಾಪಾರಿ ಎಷ್ಟು ದುಡಿದಾನು ಎಂಬುದು ಪ್ರಶ್ನೆ. ಅದೇ ತೀರ್ಪು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ: ಚಿಕಿತ್ಸೆಯನ್ನೇ ಮಾಡದ ಡಾಕ್ಟರು ಕೊಡುವ ‘ರೆಡಿಮೇಡ್’ ಅಂಗವೈಕಲ್ಯ ಸರ್ಟಿಫಿಕೇಟನ್ನು ನಂಬುವಾಗ ಜಾಗ್ರತೆ ಬೇಕು ಎಂದು. ಆಸ್ಪತ್ರೆ ಗೇಟಿನಲ್ಲಿ ಕಾದಿರುವ ಬ್ರೋಕರು ‘ನೂರಕ್ಕೆ 60 ಮಾಡಿಸಿಕೊಡುತ್ತೇನೆ’ ಅಂದರೆ ಅವನು ಮಾಡಿಸುವುದು ನಿಮ್ಮ ಕೇಸಿನ ಜನಾಝವನ್ನೇ.

ಕಾಗದ ಗಟ್ಟಿಯಿದ್ದರೆ ಏನಾಗುತ್ತದೆ ಎಂಬುದಕ್ಕೆ ಹರಿಯಾಣದ ಒಂದು ಕೇಸು ಸಾಕು. 2007ರ ಅಕ್ಟೋಬರಿನಲ್ಲಿ 12 ವರ್ಷದ ಹುಡುಗಿ ಕಾಜಲ್ ಅಪ್ಪ ಅಮ್ಮನ ಜೊತೆ ಟ್ರಾಕ್ಟರಿನಲ್ಲಿ ಹೋಗುವಾಗ ಟ್ರಕ್ ಬಡಿಯಿತು, ಮಿದುಳಿಗೆ ಏಟು. ಚಂಡೀಗಢದ ಪಿಜಿಐ ಆಸ್ಪತ್ರೆಯವರು ಪರೀಕ್ಷಿಸಿ, ಈ ಹುಡುಗಿಯ ಬುದ್ಧಿಯ ಅಳತೆ 20ಕ್ಕಿಂತ ಕಡಿಮೆ, ನಡವಳಿಕೆ ಒಂಬತ್ತು ತಿಂಗಳ ಮಗುವಿನದ್ದು ಎಂದು ಬರೆದುಕೊಟ್ಟರು. ಹೈಕೋರ್ಟು 25.78 ಲಕ್ಷ ಕೊಟ್ಟಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು 62.27 ಲಕ್ಷ ಮಾಡಿತು. ನೋಡಿಕೊಳ್ಳಲು ದಿನವಿಡೀ ಇಬ್ಬರು ಬೇಕು ಎಂದು ಒಪ್ಪಿ, ಬಾಳಿನುದ್ದದ ಖರ್ಚನ್ನೂ ಗುಣಿಸಿ ಸೇರಿಸಿತು. ನಮ್ಮ ಮನೆಗಳಲ್ಲಿ ಉಮ್ಮ, ಹೆಂಡತಿ, ತಂಗಿ ಮಾಡುವ ಆ ಚಾಕರಿಗೂ ಬೆಲೆ ಉಂಟು ಎಂದಾಯಿತಲ್ಲವೇ?

ಹಾಗಾದರೆ ಮನೆಗೆ ಬಂದ ಮೇಲೆ ಏನು ಮಾಡಬೇಕು? ನೆನಪು, ಗಮನ, ಸಿಟ್ಟು, ಲೆಕ್ಕ ಇವುಗಳಿಗೆ ಪರೀಕ್ಷೆಗಳಿವೆ. ಮನಶ್ಶಾಸ್ತ್ರಜ್ಞರು ಗಂಟೆಗಟ್ಟಲೆ ಕೂರಿಸಿ ಮಾಡುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ತನ್ನದೇ ಪರೀಕ್ಷಾಮಾಲೆ ಸಿದ್ಧಪಡಿಸಿದೆ. ಡಿಸ್ಚಾರ್ಜ್ ಆದ ಕೆಲವು ತಿಂಗಳ ನಂತರ ನರರೋಗ ತಜ್ಞರಲ್ಲಿ ಹೋಗಿ ಈ ಪರೀಕ್ಷೆ ಬೇಕೇ ಎಂದು ಕೇಳಿ. ವಾಸನೆ, ರುಚಿ, ಕಿವಿ, ಕಣ್ಣು, ನಿದ್ದೆ, ಫಿಟ್ಸ್, ಮನಸ್ಸಿನ ಬದಲಾವಣೆ ಎಲ್ಲವನ್ನೂ ಹೇಳಿ. ನಾಚಿಕೆಯಿಂದ ಮುಚ್ಚಿಡಬೇಡಿ. ‘ಹುಡುಗನಿಗೆ ಮದುವೆ ಆಗಬೇಕು, ತಲೆ ಸರಿ ಇಲ್ಲ ಅಂತ ಬರೆಸುವುದಾ’ ಎಂದು ಕೇಳಿದವರಿದ್ದಾರೆ. ಬರೆಸದೆ ಮದುವೆ ಮಾಡಿಸಿದರೆ ಆ ಹುಡುಗಿಯ ಗತಿ ಏನು ಎಂಬುದು ನಮ್ಮ ಮರುಪ್ರಶ್ನೆ.

ಅಂಗವಿಕಲರ ಕಾರ್ಡಿನಲ್ಲೂ ತೊಡಕುಂಟು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೆಸರಿಸಿದೆ, ಏಟಿನಿಂದ ಬಂದ ಮಿದುಳಿನ ಹಾನಿಗೆ ಪ್ರತ್ಯೇಕ ಹೆಸರು ಅದರಲ್ಲಿಲ್ಲ. ನಡಿಗೆಗೆ, ಮಾತಿಗೆ ಅಥವಾ ಮನಸ್ಸಿಗೆ ಆದ ತೊಂದರೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಸರಕಾರ ಇದನ್ನು ಸರಿಮಾಡಬೇಕು.

ಕೇಸ್ ಶೀಟು ಕೇಳಿದರೆ ಕೆಲವು ಕಡೆ ‘ಕೋರ್ಟಿನಿಂದ ಆರ್ಡರ್ ತನ್ನಿ’ ಅನ್ನುತ್ತಾರೆ. ಹಾಗೇನೂ ಬೇಕಾಗಿಲ್ಲ. ರೋಗಿ ಅಥವಾ ಅವನ ಪರವಾದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕೆಂದೂ ಅದರಲ್ಲೇ ಉಂಟು. ಹಾಗಾಗಿ ಊರಿಗೆ ಬಂದ ಮೇಲೆ ನೋಡುವಾ ಎಂದು ಬಿಡಬೇಡಿ. ಚಳ್ಳಕೆರೆಗೆ ಇನ್ನೊಮ್ಮೆ ಹೋಗುವುದೆಂದರೆ ಇಲ್ಲಿಂದ ಎರಡು ದಿನದ ದುಡಿಮೆ ಹಾಳು. ಲಾರಿ ಆ ದಾರಿಯಲ್ಲಿ ಹೇಗೂ ಹೋಗುತ್ತದೆ, ಡ್ರೈವರ್ ಕೈಯಲ್ಲಿ ಅಧಿಕಾರ ಪತ್ರ ಕೊಟ್ಟು ತರಿಸಬಹುದು. ನಾವು ಹಾಗೇ ತರಿಸಿದ್ದು.

ಕೋರ್ಟಿಗೂ ಚಳ್ಳಕೆರೆಯವರೆಗೆ ಅಲೆಯಬೇಕಾಗಿಲ್ಲ. ಅಪಘಾತ ಆದಲ್ಲಿ ಮಾತ್ರವಲ್ಲ, ಗಾಯಾಳು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು ಎಂದು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿದೆ. ನಮ್ಮವರಿಗೆ ಮಂಗಳೂರಿನಲ್ಲೇ ಆಗುತ್ತದೆ. ಆದರೆ ದಿನದ ಲೆಕ್ಕ ಬಿಗಿ. 2022ರ ಏಪ್ರಿಲ್ 1ರಿಂದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು ಎಂದಾಗಿದೆ. ಈ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ, ಅದನ್ನು ನಂಬಿ ಕೂರಬೇಡಿ. ಅರ್ಜಿ ಬೇಗ ಹಾಕಿ, ಕೊನೆಯ ರಾಜಿ ಮಾತ್ರ ಬೇಗ ಮಾಡಬೇಡಿ. ಲೋಕ ಅದಾಲತ್ ಒಳ್ಳೆಯದೇ, ಕಾಲು ಮುರಿದ ಕೇಸಿಗೆ ಹೋಗಿ. ಮಿದುಳಿನ ಏಟಿನಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ತಿಳಿಯಲು ವರ್ಷವೇ ಬೇಕಾದೀತು, ಒಮ್ಮೆ ಒಪ್ಪಿ ಸಹಿ ಹಾಕಿದರೆ ಆಮೇಲೆ ತೆರೆಯಲಿಕ್ಕಿಲ್ಲ. ಅವನಿಗೆ ತಿಳಿವಳಿಕೆ ಸಾಲದಿದ್ದರೆ ಅವನ ಪರವಾಗಿ ಉಮ್ಮನೋ ಹೆಂಡತಿಯೋ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಹೆಂಗಸರಿಗೂ ಅಂಗವಿಕಲರಿಗೂ ಅಲ್ಲಿ ಆದಾಯ ಮಿತಿ ಇಲ್ಲ.

ಸಂಪಾದನೆಗೆ ದಾಖಲೆ ಎಲ್ಲಿಂದ, ಮೀನಿನ ವ್ಯಾಪಾರ ಎಲ್ಲ ಕೈಕೈ ದುಡ್ಡು ಅನ್ನುತ್ತೀರಿ. ಬೆಂಗಳೂರಿನ ಕೂಲಿ ಕಾರ್ಮಿಕ ರಾಮಚಂದ್ರಪ್ಪ ಅವರ ಕೇಸಿನಲ್ಲಿ, ಕೂಲಿಯವನು ಸಂಬಳದ ಚೀಟಿ ಎಲ್ಲಿಂದ ತರಬೇಕು ಎಂದು ಒಪ್ಪಿ, ಅವರು ಹೇಳಿದ ತಿಂಗಳಿಗೆ 4,500ನ್ನೇ ಸುಪ್ರೀಂ ಕೋರ್ಟು 2011ರಲ್ಲಿ ಹಿಡಿಯಿತು. ಆದರೂ ಈಗ ಎಲ್ಲರ ಕೈಯಲ್ಲೂ ಫೋನ್ ಉಂಟು. ಫೋನಿಗೆ ಬಂದ ಹಣದ ಬ್ಯಾಂಕ್ ಪಟ್ಟಿ, ದಕ್ಕೆಯ ಏಲಂ ಚೀಟಿ ತೆಗೆದಿಡಿ.

ವಿಮೆಯ ದುಡ್ಡು ತೆಗೆದುಕೊಳ್ಳಬಹುದಾ ಎಂದು ಕೇಳುವ ಹಿರಿಯರೂ ಇದ್ದಾರೆ. ಅದಕ್ಕೆ ಉತ್ತರ ಹೇಳುವ ಅರ್ಹತೆ ನಮಗಿಲ್ಲ, ಖತೀಬರಲ್ಲಿ ಕೇಳಿ. ಕೇಳುವಾಗ ಇದನ್ನೂ ಹೇಳಿ: ಇದು ನಾವು ಮಾಡಿಸಿದ ಪಾಲಿಸಿಯ ಲಾಭವಲ್ಲ, ಇನ್ನೊಬ್ಬ ಮಾಡಿದ ಹಾನಿಗೆ ಕಾನೂನು ಅವನ ಮೇಲೆ ಹೊರಿಸಿದ ಹೊಣೆ. ಉತ್ತರ ಬರುವ ಹೊತ್ತಿಗೆ ಕಾಗದ ಕೈಯಲ್ಲಿರಲಿ.

ನಮ್ಮ ಜಮಾಅತ್ ಕಮಿಟಿಗಳಲ್ಲಿ ಆಂಬ್ಯುಲೆನ್ಸಿಗೆ, ರಕ್ತಕ್ಕೆ, ಮಯ್ಯಿತ್ತಿನ ಕೆಲಸಕ್ಕೆ ಹುಡುಗರಿದ್ದಾರೆ. ಫೋನ್ ಮಾಡಿದರೆ ಐದು ನಿಮಿಷದಲ್ಲಿ ಹಾಜರ್. ಅವರಲ್ಲೇ ಒಬ್ಬನಿಗೆ ಇಂಗ್ಲಿಷ್ ಓದಲು ಬರುವವನಿಗೆ ಆಸ್ಪತ್ರೆ ಚೀಟಿ ನೋಡುವ ಕೆಲಸ ಕೊಟ್ಟರೆ ಏನಾಗುತ್ತದೆ? ರಾತ್ರಿ ಎರಡು ಗಂಟೆಗೆ ಚಳ್ಳಕೆರೆಯಿಂದ ವಾಟ್ಸಾಪಿನಲ್ಲಿ ಬಂದ ಫೋಟೋ ಓದಿ, ‘ಇಲ್ಲಿ ಬಿದ್ದ ಅಂತ ಬರೆದಿದ್ದಾರೆ, ಕಾರು ಬಡಿದದ್ದು ಎಂದು ಈಗಲೇ ಹೇಳಿ’ ಅಂದರೆ ಸಾಕು. ನಮ್ಮ ಹುಡುಗನಿಗೆ ಅಷ್ಟೇ ಬೇಕಿತ್ತು.

ಅವನ ಕೇಸು ಮಂಗಳೂರಿನಲ್ಲಿ ನಡೆಯುತ್ತಿದೆ. ಐದನೇ ತಿಂಗಳಲ್ಲಿ ಅರ್ಜಿ ಹಾಕಿದ್ದಾಯಿತು. ಕಾರು ಬಡಿದದ್ದೇ ಸುಳ್ಳು, ಆಮೇಲೆ ಸೇರಿಸಿದ್ದು ಎಂಬುದು ಕಂಪೆನಿಯ ವಾದ, ಅವರ ಕೈಯಲ್ಲಿರುವುದು ಆ ಒಂದು ಸಾಲು. ನಮ್ಮ ಕೈಯಲ್ಲಿ ಲಾರಿ ಡ್ರೈವರನ ಸಾಕ್ಷಿ, ಕಾರಿನವನು ಮೊದಲ ವಾರ ಕಳಿಸಿದ ಮೆಸೇಜುಗಳು, ಎರಡನೇ ಆಸ್ಪತ್ರೆಯ ಕೇಸ್ ಶೀಟು, ಮೂಗಿನ ತಜ್ಞರ ವರದಿ. ಇನ್ನೊಂದು, ಅವನ ಉಮ್ಮ ಮಗಳ ಮದ್ರಸದ ಹಳೇ ನೋಟುಬುಕ್ಕಿನಲ್ಲಿ ಬರೆದಿಟ್ಟ ದಿನಚರಿ. ಓದಿದ್ದು ಐದನೇ ಕ್ಲಾಸು. ‘ಇವತ್ತು ಗ್ಯಾಸ್ ಹಾಗೇ ಬಿಟ್ಟ, ವಾಸನೆ ಗೊತ್ತಾಗಲಿಲ್ಲ.’ ‘ಇವತ್ತು ಅಂಗಡಿಗೆ ಹೋದವನು ದಾರಿ ತಪ್ಪಿ ಶಾಲೆ ಹತ್ತಿರ ನಿಂತಿದ್ದ.’ ‘ಇವತ್ತು ಸುಮ್ಮನೆ ಅತ್ತ.’ ಪ್ರತಿ ಸಾಲಿಗೂ ತಾರೀಕು ಉಂಟು. ವಕೀಲರು ಅದನ್ನು ನೋಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನಿ, ಒದ್ದೆಯಾಗದಿರಲಿ ಅಂದಿದ್ದಾರೆ. ಮೊದಲ ಆಸ್ಪತ್ರೆಯ ಮೂಲ ರಿಜಿಸ್ಟರ್ ತರಿಸಲು ಸಮನ್ಸ್ ಹೋಗಿದೆ. ಬರುವ ತಿಂಗಳು ವಾಯಿದೆ.